ಎಳೆಯಬೇಡಿ, ತಿರುಗಿಸಿ

ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಿಸೆಯ ತೋಪಿಗೆ ಹೆಸರಾದ ಊರು. ಸುಮಾರು 54 ಎಕರೆಯ ಆ ತೋಪು 2007ರಲ್ಲಿ ದೇಶದ ಮೊಟ್ಟಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಅಲ್ಲಿನ ಗೃಹಿಣಿಯರಿಗೆ ಒಂದು ಮಾತನ್ನು ಯಾರೂ ಹೇಳಿಕೊಡಬೇಕಾಗಿಲ್ಲ: ಗಟ್ಟಿಯಾದ ಹಳೆಯ ಹುಣಿಸೆಹಣ್ಣನ್ನು ಹಿಸಿಯಲು ಹೆಣಗುವುದಕ್ಕಿಂತ ಬೆಚ್ಚನೆಯ ನೀರಿನಲ್ಲಿ ನೆನೆಹಾಕಿದರೆ ಅದು ತಾನಾಗಿ ಸಡಿಲುವುದು. ಕಂಪ್ಯೂಟರಿನ ಒಂದು ಕೆಲಸಕ್ಕೂ ಇದೇ ನೀತಿ ಸಲ್ಲುತ್ತದೆ.

ಅಂಥ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳಿರಿ. ಮಗಳ ಓದಿಗೂ ತಂದೆಯ ಲೆಕ್ಕಪತ್ರಕ್ಕೂ ಇರುವುದು ಒಂದೇ ಕಂಪ್ಯೂಟರು. ಬೇಸಗೆಯಲ್ಲಿ ಅದು ಅರ್ಧ ಗಂಟೆಯೊಳಗೆ ಕಾದು ನಿಂತುಬಿಡುತ್ತದೆ. ಒಳಗಿನ ಧೂಳು ತೆಗೆಯಲೆಂದು ಮಗನು ಪ್ರೊಸೆಸರಿನ ಮೇಲಿನ ಕೂಲರನ್ನು ಹಿಡಿದು ಜಗ್ಗುತ್ತಾನೆ. ಕೂಲರಿನೊಡನೆ ಪ್ರೊಸೆಸರೂ ಕಿತ್ತು ಬರುತ್ತದೆ. ಅದರ ಪಿನ್ನುಗಳು ಬಾಗಿರುತ್ತವೆ. ಮನೆಯವರೆಲ್ಲರ ಕೆಲಸ ಒಂದು ಕ್ಷಣದ ಆತುರದಿಂದ ನಿಂತುಹೋಗುತ್ತದೆ.

ಹೀಗಾಗಲು ಕಾರಣವುಂಟು. ಪ್ರೊಸೆಸರಿನ ಶಾಖವನ್ನು ಕೂಲರಿಗೆ ಸಾಗಿಸಲು ಅವೆರಡರ ನಡುವೆ ಥರ್ಮಲ್ ಪೇಸ್ಟ್ ಎಂಬ ಲೇಪವಿರುತ್ತದೆ. ವರ್ಷಗಳು ಕಳೆದಂತೆ ಅದು ಒಣಗಿ ಅಂಟಿನಂತಾಗುತ್ತದೆ. 2017ರಲ್ಲಿ ಬಂದ ಮೊದಲ ರೈಜನ್ ಪ್ರೊಸೆಸರುಗಳಂಥ ಎಎಂ4 ಬಗೆಯವುಗಳಲ್ಲಿ 1331 ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲಿಯೇ ಇವೆ. ಸಾಕೆಟ್ಟು ಆ ಪಿನ್ನುಗಳನ್ನು ಪಕ್ಕದಿಂದ ಒತ್ತಿ ಹಿಡಿದಿರುತ್ತದೆಯೇ ಹೊರತು ಮೇಲೆ ತಡೆಯುವ ಚೌಕಟ್ಟಿಲ್ಲ. 2022ರಲ್ಲಿ ಬಂದ ಎಎಂ5 ಬಗೆಯಲ್ಲಿಯೂ, 2004ರಿಂದೀಚೆಗಿನ ಹೆಚ್ಚಿನ ಇಂಟೆಲ್ ಡೆಸ್ಕ್‌ಟಾಪ್‌ಗಳಲ್ಲಿಯೂ ಪಿನ್ನುಗಳು ಸಾಕೆಟ್ಟಿನಲ್ಲಿದ್ದು, ಪ್ರೊಸೆಸರನ್ನು ಲೋಹದ ಚೌಕಟ್ಟು ಅದುಮಿ ಹಿಡಿದಿರುವುದರಿಂದ ಈ ಭಯ ಕಡಮೆ.

ಆದುದರಿಂದ ಮೊದಲು ಕಂಪ್ಯೂಟರನ್ನು ಹತ್ತು ನಿಮಿಷ ನಡೆಸಿ ಲೇಪವನ್ನು ಬೆಚ್ಚಗಾಗಿಸಬೇಕು. ಬಳಿಕ ಅದನ್ನು ಆರಿಸಿ, ವಿದ್ಯುತ್ತಿನ ತಂತಿಯನ್ನು ಬಿಡಿಸಿ, ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ಫ್ಯಾನಿನ ತಂತಿಯನ್ನು ಬಿಡಿಸಿ, ಸ್ಕ್ರೂಗಳಿದ್ದರೆ ಎದುರುಬದುರು ಮೂಲೆಗಳಲ್ಲಿ ಸ್ವಲ್ಪಸ್ವಲ್ಪವಾಗಿ ಸಡಿಲಿಸತಕ್ಕದ್ದು. ಲೇಪ ಆರುವ ಮುನ್ನವೇ, ಒಂದರೊಳಗೊಂದು ಸಿಕ್ಕಿಕೊಂಡ ಲೋಟಗಳನ್ನು ಬಿಡಿಸುವಂತೆ, ಕೂಲರನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆಲ್ಲನೆ ತಿರುಗಿಸಬೇಕು. ಹಿಡಿತ ಬಿಟ್ಟಿತೆಂದು ಕೈಗೆ ತಿಳಿದ ಮೇಲೆಯೇ ಎತ್ತಬೇಕು. ಬಿಡದಿದ್ದರೆ ಮತ್ತೆ ಬೆಚ್ಚಗಾಗಿಸಬೇಕಲ್ಲದೆ ಚಾಕುವಿನಿಂದ ಮೀಟಕೂಡದು.

ಇಷ್ಟಾದರೂ ಪ್ರೊಸೆಸರು ಅಂಟಿಕೊಂಡೇ ಬಂದರೆ ಅದನ್ನು ಹಾಗೆಯೇ ಸಾಕೆಟ್ಟಿಗೆ ತುರುಕಬಾರದು. ಪಿನ್ನುಗಳನ್ನು ಮುಟ್ಟದೆ, ಅಂಚುಗಳನ್ನು ಹಿಡಿದು ತಿರುಗಿಸಿ ಬಿಡಿಸಬೇಕು. ಬಾಗಿದ ಪಿನ್ನನ್ನು ತೆಳುವಾದ ಪ್ಲಾಸ್ಟಿಕ್ ಕಾರ್ಡಿನಿಂದ ನಿಧಾನವಾಗಿ ನೆಟ್ಟಗೆ ಮಾಡಬಹುದು. ಸಾಕೆಟ್ಟಿನ ಸನ್ನೆಯನ್ನು ಎತ್ತಿ, ತ್ರಿಕೋನದ ಗುರುತುಗಳನ್ನು ಹೊಂದಿಸಿದರೆ ಪ್ರೊಸೆಸರು ಒತ್ತದೆಯೇ ಕೂಡುವುದು; ಆಮೇಲೆ ಸನ್ನೆಯನ್ನು ಇಳಿಸಬೇಕು.

ಹಳೆಯ ಲೇಪವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಹಾಕಿ, ಕೂಲರನ್ನು ಮತ್ತೆ ಕೂರಿಸಬೇಕು. ಫ್ಯಾನಿನ ತಂತಿಯನ್ನು ಜೋಡಿಸದೆ ಕಂಪ್ಯೂಟರನ್ನು ಎಂದಿಗೂ ನಡೆಸಕೂಡದು.

ಇದಕ್ಕೆ ದೊಡ್ಡ ವಿದ್ಯೆಯೇನೂ ಬೇಕಾಗಿಲ್ಲ. ಹುಣಿಸೆ ನೆನೆಯುವಷ್ಟು ಹೊತ್ತು ಕಾಯಬಲ್ಲ ಕೈ ಇದ್ದರೆ ಸಾಕು.