ಜೆರ್ಸಿಯೊಳಗಿನ ಜ್ವರ ಮನೆಗೂ ತಿಳಿಯಲಿ

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದ ನಿರ್ಗಮನ ಬಾಗಿಲಲ್ಲಿ ರಾತ್ರಿ ಹೊತ್ತು ನಿಂತರೆ ನಮ್ಮವರನ್ನು ಗುರುತಿಸುವುದು ಕಷ್ಟವೇನಲ್ಲ. ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ, ಟ್ರಾಲಿ ತಳ್ಳುವ ತಮ್ಮ, ಕಣ್ಣೊರೆಸಿಕೊಳ್ಳುವ ಉಮ್ಮ. ಮಂಗಳೂರಿನಿಂದಲೇ ಗಲ್ಫಿಗೆ ವಿಮಾನ ಉಂಟು. ಆದರೆ ನೆಲಮಂಗಲ, ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ ಅಂಗಡಿ, ಹೋಟೆಲು ಹಾಕಿಕೊಂಡು ನೆಲೆ ನಿಂತ ಬ್ಯಾರಿ ಮನೆಗಳಿಗೆ ಇದೇ ಹತ್ತಿರದ ಬಾಗಿಲು. ಆ ಬಾಗಿಲಿನಿಂದ ಒಳಗೆ ಹೋದ ಮಕ್ಕಳು ಅಲ್ಲಿ ಹೇಗಿದ್ದಾರೆ ಎಂದು ನಮಗೆ ನಿಜವಾಗಿ ಗೊತ್ತಿದೆಯೇ? ಈ ವಾರ ಈ ಪ್ರಶ್ನೆ ಎತ್ತಲು ಕಾರಣ, ರಜೆಯಲ್ಲಿ ಬಂದಿದ್ದ ನೆಲಮಂಗಲದ ಒಬ್ಬ ಹುಡುಗ ನಮ್ಮೊಡನೆ ಹೇಳಿಕೊಂಡ ಮಾತು. ಹೆಸರು ಬೇಡ ಎಂದಿದ್ದಾನೆ, ಹಾಕುವುದಿಲ್ಲ.

2021ರ ಕೊನೆಯಲ್ಲಿ ಆತ ಕತಾರಿಗೆ ಹೋದ. ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್ ಕೆಲಸ, ಒಂದು ರೂಮಿನಲ್ಲಿ ಆರು ಜನ. ಊರು ಹೊಸತು, ಭಾಷೆ ಹೊಸತು, ಪರಿಚಯದ ಮುಖವಿಲ್ಲ. ಮೊದಲ ಗೆಳೆತನ ಕೊಟ್ಟದ್ದು ಫುಟ್‌ಬಾಲ್. ಆರು ಜನರಲ್ಲಿ ಇಬ್ಬರು ಬ್ರೆಜಿಲ್, ಒಬ್ಬ ಪೋರ್ಚುಗಲ್, ಈತ ಅರ್ಜೆಂಟೀನಾ. ದಿನಾ ರಾತ್ರಿ ಜಗಳ, ದಿನಾ ರಾತ್ರಿ ನಗು. ಕಾಸರಗೋಡಿನವರು, ಕೋಝಿಕ್ಕೋಡಿನವರು, ಉಳ್ಳಾಲದವರು ಎಲ್ಲ ಆ ಜಗಳದಲ್ಲೇ ಹತ್ತಿರವಾದರು. 'ಕಾಕ, ಜೆರ್ಸಿ ಹಾಕಿದ ದಿನ ನಾನು ಯಾರ ಕೈಕೆಳಗಿನ ಕೆಲಸದವನೂ ಅಲ್ಲ' ಎಂದ.

2022ರ ನವೆಂಬರ್ 20ಕ್ಕೆ ವಿಶ್ವಕಪ್ ಶುರು. ಅದಕ್ಕೂ ಮುಂಚಿನ ದಿನಗಳಲ್ಲಿ ದೋಹಾದ ಕಾರ್ನಿಶ್ ರಸ್ತೆಯಲ್ಲಿ ಅಭಿಮಾನಿಗಳ ಮೆರವಣಿಗೆ ನಡೆದದ್ದು ಓದುಗರಿಗೆ ನೆನಪಿರಬಹುದು. ಡೋಲು, ಬಾವುಟ, ಅರ್ಜೆಂಟೀನಾ, ಬ್ರೆಜಿಲ್, ಇಂಗ್ಲೆಂಡ್ ಜೆರ್ಸಿ. ತೊಟ್ಟವರಲ್ಲಿ ಹೆಚ್ಚಿನವರು ಕೇರಳದವರು, ನಡುವೆ ನಮ್ಮವರೂ ಇದ್ದರು. ಯುರೋಪಿನ ಕೆಲವು ಪತ್ರಿಕೆಗಳು ಅವರನ್ನು 'ನಕಲಿ ಅಭಿಮಾನಿಗಳು', ಹಣ ಕೊಟ್ಟು ಕರೆತಂದವರು ಎಂಬಂತೆ ಬರೆದವು. ಸಂಘಟಕರು ಅದನ್ನು ತಳ್ಳಿಹಾಕಿದರು. ಅಭಿಮಾನಿಗಳಿಗಂತೂ ಅದು ಕೆನ್ನೆಗೆ ಹೊಡೆದಂತಾಯಿತು. 1986ರಲ್ಲಿ ಮರಡೋನಾನನ್ನು ನೋಡಲು ಒಂದೇ ಟಿ.ವಿ. ಇದ್ದ ಮನೆಯ ಜಗಲಿಯಲ್ಲಿ ಊರಿಗೆ ಊರೇ ಸೇರುತ್ತಿದ್ದ ಕರಾವಳಿ ನಮ್ಮದು. ಅಪ್ಪನಿಂದ ಮಗನಿಗೆ ಬಂದ ಪ್ರೀತಿಗೆ ಯಾರ ಸರ್ಟಿಫಿಕೇಟೂ ಬೇಕಿಲ್ಲ. ಆ ದೇಶದ ಪಾಸ್‌ಪೋರ್ಟ್ ಇದ್ದವನಿಗೆ ಮಾತ್ರ ಆ ತಂಡದ ಮೇಲೆ ಹಕ್ಕು ಎನ್ನುವುದಾದರೆ, ದುಡಿಯಲು ಹೋದವನಿಗೆ ಬೆವರು ಸುರಿಸುವ ಹಕ್ಕು ಮಾತ್ರ ಇದೆ, ಸಂಭ್ರಮಿಸುವ ಹಕ್ಕಿಲ್ಲ ಎಂದಂತಾಯಿತು. ಇದನ್ನು ನಾವು ಒಪ್ಪುವುದಿಲ್ಲ.

ಆದರೆ ನಾವು ಹೇಳಹೊರಟದ್ದು ಅಷ್ಟೇ ಅಲ್ಲ. ಆ ಮೆರವಣಿಗೆಯಲ್ಲಿ ಕುಣಿಯುತ್ತಿದ್ದ ಹುಡುಗನ ಸೊಂಟದಲ್ಲಿ ಆಗಲೇ ನೋವಿತ್ತು. ಯಾರಿಗೂ ಹೇಳಿರಲಿಲ್ಲ.

ಕತಾರಿನಲ್ಲಿ ವಾಸವಿರುವವರಿಗೆ ಲೀಗ್ ಪಂದ್ಯದ ಟಿಕೆಟ್ 40 ರಿಯಾಲಿಗೂ ಸಿಕ್ಕಿತ್ತು. ಈತನಿಗೆ ಸಿಕ್ಕಿದ್ದು ನವೆಂಬರ್ 26ರ ಅರ್ಜೆಂಟೀನಾ-ಮೆಕ್ಸಿಕೋ ಪಂದ್ಯ, ಲುಸೈಲ್ ಸ್ಟೇಡಿಯಂ. ನಾಲ್ಕು ದಿನ ಮೊದಲು ಸೌದಿ ಅರೇಬಿಯಾ 2-1ರಿಂದ ಅರ್ಜೆಂಟೀನಾವನ್ನು ಸೋಲಿಸಿದಾಗ ಉಮ್ಮಾನಿಗೆ ಫೋನ್ ಮಾಡಿ ಅತ್ತುಬಿಟ್ಟಿದ್ದ. ಜ್ವರ ಬಂದದ್ದನ್ನು ಮಾತ್ರ ಹೇಳಲಿಲ್ಲ. ನೋವಿನ ಮಾತ್ರೆ ನುಂಗಿ ಕೆಲಸಕ್ಕೆ ಹೋದ. ಪಂದ್ಯದ ದಿನ ಸಂಜೆ ಚಳಿಜ್ವರದಲ್ಲಿ ನಡುಗತೊಡಗಿದ. ಬ್ರೆಜಿಲ್ ಜೆರ್ಸಿಯ ರೂಮ್‌ಮೇಟ್ ಟ್ಯಾಕ್ಸಿ ಕರೆದು, ಬಯ್ಯುತ್ತಲೇ ಸರಕಾರಿ ಆಸ್ಪತ್ರೆಗೆ ಎತ್ತಿಕೊಂಡು ಹೋದ. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಸೋಂಕು ಮೇಲೇರಿತ್ತು. ರಾತ್ರಿಯೇ ಸ್ಟೆಂಟ್ ಹಾಕಿದರು. ಇನ್ನೂ ತಡವಾಗಿದ್ದರೆ ಕಿಡ್ನಿಗೆ, ಜೀವಕ್ಕೇ ಅಪಾಯವಿತ್ತು ಎಂದರಂತೆ ಡಾಕ್ಟರ್. ಮೆಸ್ಸಿ ಗೋಲು ಹೊಡೆದ ಸುದ್ದಿ ಮರುದಿನ ಬೆಳಗ್ಗೆ ನರ್ಸ್ ಹೇಳಿ ಗೊತ್ತಾಯಿತು.

ಉಮ್ಮಾನಿಗೆ ತಿಳಿದದ್ದು ಮುಂದಿನ ರಜೆಯಲ್ಲಿ, ಬಟ್ಟೆ ಒಗೆಯಲು ಬ್ಯಾಗ್ ಬಿಡಿಸಿದಾಗ, ಆಸ್ಪತ್ರೆಯ ಕಾಗದ ಕೈಗೆ ಬಂದು. 'ಅರ್ಜೆಂಟೀನಾ ಸೋತದ್ದನ್ನು ಹೇಳಿದೆಯಲ್ಲ ಮೋನೆ, ನಿನ್ನ ನೋವನ್ನು ಯಾಕೆ ಹೇಳ್ಲಿಲ್ಲ?' ಎಂದು ಕೇಳಿದರಂತೆ. ಅವನ ಬಳಿ ಉತ್ತರವಿರಲಿಲ್ಲ.

ಉತ್ತರ ನಮ್ಮೆಲ್ಲರ ಬಳಿ ಇದೆ, ಒಪ್ಪಿಕೊಳ್ಳುವುದಿಲ್ಲ ಅಷ್ಟೇ. ಮನೆಯ ಸಾಲ, ತಂಗಿಯ ಮದುವೆ, ಕಟ್ಟಿ ಅರ್ಧಕ್ಕೆ ನಿಂತ ಮನೆ. ಕಾಯಿಲೆ ಎಂದರೆ ರಜೆ, ರಜೆ ಎಂದರೆ ಸಂಬಳ ಕಡಿತ, ಹೆಚ್ಚಾದರೆ ವಾಪಸ್ ಟಿಕೆಟ್ ಎಂಬ ಭಯ. ಹೋಗುವಾಗ ಎದೆಯ ಎಕ್ಸ್‌ರೇ, ರಕ್ತ ಪರೀಕ್ಷೆ ಮಾಡಿಸಿ 'ಫಿಟ್' ಎಂದು ಬರೆಸಿಕೊಳ್ಳುತ್ತೇವೆ. ಆಮೇಲೆ ಅವನು ಫಿಟ್ ಆಗಿಯೇ ಇರಬೇಕು ಎಂದು ನಾವೇ ತೀರ್ಮಾನಿಸಿಬಿಡುತ್ತೇವೆ. ಫೋನಿನಲ್ಲಿ ನಮ್ಮ ಮೊದಲ ಪ್ರಶ್ನೆ 'ಹಣ ಹಾಕಿದ್ಯಾ?' ಎಂದಾದರೆ, ಅವನ ಉತ್ತರ 'ಎಲ್ಲ ಚೆನ್ನಾಗಿದೆ, ಅಲ್‌ಹಂದುಲಿಲ್ಲಾಹ್' ಎಂದೇ ಇರುತ್ತದೆ.

ಗಲ್ಫಿನ ಬಿಸಿಲಿನಲ್ಲಿ ದುಡಿಯುವವರಿಗೆ ಕಿಡ್ನಿ ಕಲ್ಲು ಅಪರೂಪವಲ್ಲ. ಬೆವರು ಹೆಚ್ಚು, ನೀರು ಕಡಿಮೆ, ಮೂತ್ರ ಗಟ್ಟಿ. ಕಲ್ಲು ಬೆಳೆಯಲು ಇಷ್ಟು ಸಾಕು. ನೋವಿನ ಮಾತ್ರೆಯನ್ನು ತಿಂಡಿಯಂತೆ ನುಂಗಿದರೆ ಅದೇ ಕಿಡ್ನಿಗೆ ಇನ್ನೊಂದು ಪೆಟ್ಟು. ಜೊತೆಗೆ ಸಕ್ಕರೆ ಕಾಯಿಲೆ, ಬಿ.ಪಿ. ಸದ್ದಿಲ್ಲದೆ ಬರುತ್ತವೆ. ನಲವತ್ತು ದಾಟಿದ ಅಭಿಮಾನಿಗಳು ಇನ್ನೊಂದನ್ನೂ ತಿಳಿದಿರಬೇಕು. 2006ರ ವಿಶ್ವಕಪ್ ವೇಳೆ ಜರ್ಮನಿಯ ಮ್ಯೂನಿಕ್ ಪ್ರದೇಶದಲ್ಲಿ ವೈದ್ಯರು ಲೆಕ್ಕ ಹಾಕಿದರು. ಜರ್ಮನಿ ಆಡಿದ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು ಮಾಮೂಲಿ ದಿನಗಳಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು. ಮೊದಲೇ ಹೃದಯದ ತೊಂದರೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ಪಂದ್ಯ ನೋಡಬೇಡಿ ಎನ್ನುತ್ತಿಲ್ಲ. ಮಾತ್ರೆ ಮರೆಯಬೇಡಿ, ಎದೆ ಹಿಡಿದರೆ 'ಗ್ಯಾಸ್' ಎಂದು ಪೆನಾಲ್ಟಿ ಮುಗಿಯುವವರೆಗೆ ಕೂರಬೇಡಿ ಎನ್ನುತ್ತಿದ್ದೇವೆ.

2026ರ ವಿಶ್ವಕಪ್ ಅಮೆರಿಕ, ಕೆನಡಾ, ಮೆಕ್ಸಿಕೋದಲ್ಲಿ, ಜೂನ್ 11ರಿಂದ ಜುಲೈ 19ರವರೆಗೆ. ಗಲ್ಫಿನ ಗಡಿಯಾರದಲ್ಲಿ ಹೆಚ್ಚಿನ ಆಟ ರಾತ್ರಿಯಿಂದ ಬೆಳಗಿನವರೆಗೆ. ಅದು ಸುಡು ಬೇಸಿಗೆಯೂ ಹೌದು. ಸೌದಿ, ಯುಎಇಗಳಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹೊರಗಿನ ಕೆಲಸಕ್ಕೆ ತಡೆ ಇರುವ ಕಾಲ. ರಾತ್ರಿ ಪೂರ್ತಿ ನಿದ್ದೆಗೆಟ್ಟು ಬೆಳಗ್ಗೆ ಆ ಬಿಸಿಲಿಗೆ ಇಳಿಯುವವನ ದೇಹ ಏನಾಗಬೇಕು? ತಮ್ಮ ತಂಡದ ಪಂದ್ಯ ಆರಿಸಿ ನೋಡಿ, ಉಳಿದದ್ದನ್ನು ಮರುದಿನ ಮೊಬೈಲಿನಲ್ಲಿ ನೋಡಿದರೆ ಪ್ರೀತಿ ಕಡಿಮೆಯಾಗುವುದಿಲ್ಲ.

ಮನೆಯವರಿಗೂ ಕೆಲಸವಿದೆ. ಇಸಿಆರ್ ಮುದ್ರೆಯ ಪಾಸ್‌ಪೋರ್ಟ್‌ನಲ್ಲಿ ಕೆಲಸಕ್ಕೆ ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿ ವಿಮೆ. ಆದರೆ ಹತ್ತನೇ ತರಗತಿ ಪಾಸಾದವನಿಗೆ ಆ ಮುದ್ರೆ ಇಲ್ಲ, ಹಾಗಾಗಿ ಎಷ್ಟೋ ಮಕ್ಕಳು ಊರಿನಿಂದ ಯಾವ ವಿಮೆಯೂ ಇಲ್ಲದೆ ಹೊರಡುತ್ತಾರೆ. ಕಂಪನಿ ಆರೋಗ್ಯ ವಿಮೆ ಕೊಡುತ್ತದೆಯೇ, ಕಾರ್ಡ್ ಕೈಗೆ ಬಂತೇ ಎಂದು ಕೇಳಿ. ಸಂಕಷ್ಟದಲ್ಲಿರುವ ಭಾರತೀಯರಿಗೆ ತುರ್ತು ಚಿಕಿತ್ಸೆಗೂ ನೆರವಾಗಲು 2009ರಿಂದ ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಅದು ಭಿಕ್ಷೆಯಲ್ಲ, ಕೇಳಲು ನಾಚಿಕೆ ಬೇಡ. ಜಮಾಅತ್‌ಗಳು, ಅನಿವಾಸಿ ಸಂಘಟನೆಗಳು ಸನ್ಮಾನ ಸಮಾರಂಭದ ಖರ್ಚಿನಲ್ಲಿ ಒಂದು ಪಾಲು ತೆಗೆದು, ರಜೆಯಲ್ಲಿ ಬಂದವರಿಗೆ ಸಕ್ಕರೆ, ಬಿ.ಪಿ., ಕಿಡ್ನಿ ತಪಾಸಣೆ ಮಾಡಿಸಿದರೆ ದೊಡ್ಡ ಉಪಕಾರ.

ಡಿಸೆಂಬರ್ 18ರಂದು ಅರ್ಜೆಂಟೀನಾ ಫ್ರಾನ್ಸನ್ನು ಪೆನಾಲ್ಟಿಯಲ್ಲಿ 4-2ರಿಂದ ಗೆದ್ದಾಗ ನಮ್ಮ ಹುಡುಗ ರೂಮಿನಲ್ಲಿ ಮಲಗಿಯೇ ನೋಡಿದ. ಕುಣಿಯಲು ಆಗಲಿಲ್ಲ, ಅವನ ಬದಲು ಬ್ರೆಜಿಲ್‌ನವನೇ ಕುಣಿದನಂತೆ. ಪರದೇಶದಲ್ಲಿ ಅಂಥ ಗೆಳೆಯ ಎಲ್ಲರಿಗೂ ಸಿಗಲಿ. ಆದರೆ ಅಂಥ ಗೆಳೆಯ ಸಿಗದವನೂ ಇರುತ್ತಾನೆ. ಅವನಿಗಾಗಿ, ಇವತ್ತು ರಾತ್ರಿ ಫೋನ್ ಬಂದಾಗ ಹಣದ ಮಾತು ಆಮೇಲೆ ಆಗಲಿ. ಮೊದಲು ಕೇಳಿ: ನೀರು ಕುಡಿದ್ಯಾ, ನಿದ್ದೆ ಆಯ್ತಾ, ಎಲ್ಲಾದ್ರೂ ನೋವುಂಟಾ?