ಒಂದು ಬೋಗುಣಿ ಸಾರು, ಅಡಿಗೆಯವನ ಪಾಲು

ಮುಂಬಯಿಯ ನಮ್ಮ ಹೋಟೆಲುಗಳಲ್ಲಿ ಇತ್ತೀಚೆಗೆ ತಿಂಡಿಗಳ ಪಟ್ಟಿಯನ್ನು ಕೈಯಲ್ಲಿಟ್ಟರೆ, ಅದನ್ನು ಓದಿ ಮುಗಿಸುವುದಕ್ಕೇ ಗಿರಾಕಿಗೆ ಒಂದು ಕಪ್ಪು ಕಾಫಿ ಬೇಕಾಗುತ್ತದೆ. ಮೊದಲ ಪುಟದಲ್ಲಿ ಇಡ್ಲಿ ದೋಸೆ. ಆ ಮೇಲೆ ಪಾವ್‌ಭಾಜಿ, ಪಂಜಾಬಿ, ಚೈನೀಸ್, ಪಿಜ್ಜಾ. ಇಷ್ಟೆಲ್ಲವನ್ನೂ ಬೇಯಿಸುವವರು ಒಳಗೆ ನಾಲ್ವರೋ ಐವರೋ. ಧನಿಗಳು ಇದನ್ನು ವ್ಯಾಪಾರದ ಜಾಣತನವೆಂದು ತಿಳಿದಿದ್ದಾರೆ. ಗಲ್ಲೆಯ ಹಿಂದೆ ಹನ್ನೆರಡು ವರ್ಷ ಕುಳಿತು ಎದ್ದುಬಂದ ನನಗೆ ಅದು ಹಾಗೆ ತೋರುವುದಿಲ್ಲ. ಏಕೆಂಬುದನ್ನು ಹೇಳುವುದಕ್ಕೆ ವಿಯೆಟ್ನಾಮ್ ದೇಶದ ಒಂದು ತಿಂಡಿಯ ಕಥೆಯನ್ನು ಎತ್ತಿಕೊಳ್ಳಬೇಕಾಗಿದೆ. ವಾಚಕರು ಸ್ವಲ್ಪ ದೂರ ನನ್ನೊಡನೆ ಬರಬೇಕು.

ತಿಂಡಿಯ ಹೆಸರು ಫೋ. ಅಲ್ಲಿಯವರ ಬಾಯಲ್ಲಿ ಆ ಸ್ವರ ಪ್ರಶ್ನೆ ಕೇಳುವಾಗಿನಂತೆ ಕೆಳಗಿಳಿದು ಮೇಲೇಳುತ್ತದೆ. ನಮ್ಮ ನಾಲಗೆಗೆ ಅದು ಸುಲಭವಲ್ಲ. ಅಕ್ಕಿಯ ಶ್ಯಾವಿಗೆ ಹಾಕಿದ ಬಿಸಿ ಸಾರು ಎಂದರೆ ಅರ್ಥವಾದೀತು. ಅಕ್ಕಿಯನ್ನು ನೆನೆಹಾಕಿ, ನೀರಾಗಿ ರುಬ್ಬಿ, ಕುದಿಯುವ ಹಂಡೆಯ ಬಾಯಿಗೆ ಬಿಗಿದ ಬಟ್ಟೆಯ ಮೇಲೆ ತೆಳ್ಳಗೆ ಹರಡಿ ಹಬೆಯಲ್ಲಿ ಬೇಯಿಸುತ್ತಾರೆ. ನೀರುದೋಸೆಯ ಹಿಟ್ಟನ್ನು ಕಾವಲಿಗೆ ಹೊಯ್ಯುವ ಬದಲು ಹಬೆಗೆ ಕೊಟ್ಟರೆ ಏನಾಗುವುದೋ ಅದೇ. ಆ ಹಾಳೆಯನ್ನು ಕತ್ತರಿಸಿದರೆ ಪಟ್ಟಿಪಟ್ಟಿಯಾದ ಶ್ಯಾವಿಗೆ ಸಿದ್ಧ. ಆದರೆ ಫೋವಿನ ಜೀವವಿರುವುದು ಸಾರಿನಲ್ಲಿ. ಮೂಳೆಗಳನ್ನು ಹಂಡೆಯಲ್ಲಿಟ್ಟು ಎಂಟು ಹತ್ತು ಗಂಟೆ, ಕೆಲವೆಡೆ ಇಡೀ ರಾತ್ರಿ, ಸಣ್ಣ ಉರಿಯಲ್ಲಿ ಕಾಯಿಸುತ್ತಾರೆ. ಮೇಲೆ ಬರುವ ನೊರೆಯನ್ನು ಮತ್ತೆ ಮತ್ತೆ ತೆಗೆಯುತ್ತಿರಬೇಕು, ಇಲ್ಲವಾದರೆ ಸಾರು ಮಬ್ಬಾಗುತ್ತದೆ. ಕೆಂಡದಲ್ಲಿ ಸುಟ್ಟ ಶುಂಠಿ ಮತ್ತು ಈರುಳ್ಳಿ, ಹುರಿದ ಚಕ್ರಮೊಗ್ಗು, ದಾಲ್ಚಿನ್ನಿ, ಕಪ್ಪು ಏಲಕ್ಕಿ. ಕೊನೆಗೆ ಮೀನನ್ನು ಉಪ್ಪಿನಲ್ಲಿ ಹುದುಗಿಸಿ ಇಳಿಸಿದ ರಸ. ಗಿರಾಕಿ ಬಂದ ಮೇಲೆ ಎರಡು ನಿಮಿಷದ ಕೆಲಸ ಮಾತ್ರ: ಶ್ಯಾವಿಗೆಯನ್ನು ಬಿಸಿನೀರಿನಲ್ಲಿ ಅದ್ದಿ ಬೋಗುಣಿಗೆ ಹಾಕಿ, ಮಾಂಸವನ್ನೂ ಹಸಿರು ಸೊಪ್ಪನ್ನೂ ಇಟ್ಟು, ಕುದಿಯುವ ಸಾರನ್ನು ಸೌಟಿನಿಂದ ಹೊಯ್ದರೆ ತೀರಿತು. ಬೆಳಗಿನ ಜಾವ ಎದ್ದು ಸಾಂಬಾರಿಗೆ ಬೇಳೆ ಇಡುವ ನಮ್ಮ ಭಟ್ಟರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗಿರಾಕಿ ಕಾಣುವುದು ಎರಡು ನಿಮಿಷವನ್ನು. ಅದರ ಹಿಂದೆ ಒಬ್ಬನ ರಾತ್ರಿಯ ನಿದ್ದೆ ಹೋಗಿರುತ್ತದೆ.

ಮೂಲತಃ ಇದು ದನದ ಮಾಂಸದ ಅಡಿಗೆ. ನಮ್ಮಲ್ಲಿ ಬಹುಮಂದಿಗೆ ಅದು ವರ್ಜ್ಯ, ನನಗೂ ವರ್ಜ್ಯ. ಕೋಳಿಯ ಫೋ ಕೂಡ ಉಂಟು. ಅಲ್ಲಿಯ ಬೌದ್ಧರಲ್ಲಿ ಅನೇಕರು ಅಮಾವಾಸ್ಯೆ ಹುಣ್ಣಿಮೆಗಳಂದು ಮಾಂಸವನ್ನು ಬಿಡುವುದರಿಂದ, ಅಣಬೆ ತರಕಾರಿಗಳ ಫೋ ಕೂಡ ಸಿಗುತ್ತದೆ. ಕಳೆದ ವರ್ಷ ಹಾನೋಯ್ ನಗರಕ್ಕೆ ಹೋಗುವ ಅವಕಾಶ ಒದಗಿದಾಗ, ಹಳೆಯ ಪೇಟೆಯ ಬಾತ್ ದಾನ್ ಬೀದಿಯ ಹೆಸರಾಂತ ಫೋ ಅಂಗಡಿಯ ಮುಂದೆ ಜನ ಸಾಲುಗಟ್ಟಿ ನಿಂತು, ಮೊದಲು ಹಣ ಕೊಟ್ಟು, ಸುಡುವ ಬೋಗುಣಿಯನ್ನು ತಾವೇ ಹಿಡಿದುಕೊಂಡು ಜಾಗ ಹುಡುಕುವುದನ್ನು ಕಂಡೆ. ಮಾಣಿ ಎಂಬವನೇ ಇಲ್ಲ. ಬೆಂಗಳೂರಿನ ದರ್ಶಿನಿಗಳ ನೆನಪಾಯಿತು. ಅಲ್ಲಿ ದನದ ಮಾಂಸದ್ದು ಮಾತ್ರ, ಆದ್ದರಿಂದ ನಾನು ಎರಡು ಬೀದಿ ಆಚೆ ಕೋಳಿಯ ಫೋ ಮಾಡುವ ಸಣ್ಣ ಅಂಗಡಿಯೊಂದರಲ್ಲಿ, ಮೊಳದೆತ್ತರದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಮಂಡಿ ಮಡಿಸಿ ಕುಳಿತೆ. ಮೊದಲ ಚಮಚದಲ್ಲಿ ಸಾರು ಸಪ್ಪೆಯೆನಿಸಿತು. ನಮ್ಮದು ಹುಳಿ ಖಾರದ ನಾಲಗೆಯಲ್ಲವೆ. ಮೂರನೆಯದಕ್ಕೆ ಶುಂಠಿ ಬಂತು, ಅದರ ಹಿಂದಿನಿಂದ ಚಕ್ಕೆಯ ಪರಿಮಳ. ನಿಂಬೆ ಹಿಂಡಿ ನಾಲ್ಕು ಚೂರು ಮೆಣಸಿನಕಾಯಿ ಹಾಕಿಕೊಂಡ ಮೇಲಂತೂ ಅದು ನಮ್ಮೂರ ಸಾರಿನ ದೂರದ ಬಂಧುವಾಯಿತು.

ಆದರೆ ನನ್ನ ಕಣ್ಣು ಹೋದದ್ದು ಹಂಡೆಯ ಮುಂದೆ ನಿಂತ ಹೆಂಗಸಿನ ಕಡೆಗೆ. ತುಂಬಿದ ಪ್ರತಿಯೊಂದು ಬೋಗುಣಿಯನ್ನೂ ಮಗನ ಕೈಗೆ ಕೊಡುವ ಮೊದಲು ಆಕೆ ಒಮ್ಮೆ ನೋಡುತ್ತಿದ್ದಳು. ಒಂದನ್ನು ಹಿಂದಕ್ಕೆ ತೆಗೆದುಕೊಂಡು ಸಾರನ್ನು ಚೆಲ್ಲಿ ಮತ್ತೆ ತುಂಬಿದಳು. ಏತಕ್ಕೆಂದು ನನಗೆ ತಿಳಿಯಲಿಲ್ಲ; ಅದನ್ನು ಕೇಳಿದ ಗಿರಾಕಿಗೂ ತಿಳಿದಿರಲಾರದು. ಆ ಅಂಗಡಿ ಆಕೆಯದು.

ಫೋ ಹುಟ್ಟಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಉತ್ತರ ವಿಯೆಟ್ನಾಮಿನಲ್ಲಿ, ಫ್ರೆಂಚರ ಆಳಿಕೆಯ ಕಾಲದಲ್ಲಿ. ಹೆಸರು ಚೀನೀಯರಿಂದ ಬಂತೋ ಫ್ರೆಂಚರಿಂದ ಬಂತೋ ಎಂಬ ಜಗಳ ಇನ್ನೂ ಮುಗಿದಿಲ್ಲ, ಅದು ಪಂಡಿತರಿಗಿರಲಿ. ನಮಗೆ ಮುಖ್ಯವಾದುದು ಬೇರೊಂದು ಸಂಗತಿ. ನಾಮ್ ದಿನ್ಹ್ ಸೀಮೆಯಲ್ಲಿ ವಾನ್ ಕು ಎಂಬ ಒಂದು ಹಳ್ಳಿಯಿದೆ. ಹಾನೋಯಿಯ ಫೋ ವ್ಯಾಪಾರಿಗಳಲ್ಲಿ ಬಹಳ ಮಂದಿಯ ಮೂಲ ಆ ಹಳ್ಳಿ. ಹೆಗಲಿಗೆ ಅಡ್ಡೆ ಹಾಕಿಕೊಂಡು, ಒಂದು ತುದಿಗೆ ಒಲೆ ಸಹಿತ ಹಂಡೆ, ಇನ್ನೊಂದಕ್ಕೆ ಬೋಗುಣಿ ಶ್ಯಾವಿಗೆಗಳನ್ನು ತೂಗಿಸಿ, ಅವರು ನಗರದ ಬೀದಿಗಳಲ್ಲಿ ಕೂಗುತ್ತ ಮಾರಿದರು. ಒಬ್ಬನ ಹಿಂದೆ ತಮ್ಮ, ತಮ್ಮನ ಹಿಂದೆ ಭಾವಮೈದುನ. ಉಡುಪಿ ಕುಂದಾಪುರಗಳಿಂದ ಮುಂಬಯಿಗೆ ಬಂದ ನಮ್ಮ ಹಿರಿಯರ ಕಥೆಯನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಕಾಣದು.

1954ರಲ್ಲಿ ದೇಶ ಎರಡಾದಾಗ ಲಕ್ಷಗಟ್ಟಲೆ ಜನ ಉತ್ತರದಿಂದ ದಕ್ಷಿಣಕ್ಕೆ ಹೋದರು. ಫೋ ಕೂಡ ಅವರೊಡನೆ ಸೈಗಾನಿನಲ್ಲಿ ಬೇರುಬಿಟ್ಟಿತು. ಅಲ್ಲಿ ಅದಕ್ಕೆ ಮೊಳಕೆಕಾಳು, ತುಳಸಿಯ ಜಾತಿಯ ಸೊಪ್ಪು, ಸಿಹಿ ಗೊಜ್ಜು ಇವೆಲ್ಲ ಸೇರಿಕೊಂಡವು. ಹಾನೋಯಿಯವರು ಇಂದಿಗೂ ಅದನ್ನು ಕಂಡು ಮೂಗು ಮುರಿಯುತ್ತಾರೆ, ನಮ್ಮವರು ಮುಂಬಯಿಯ ಸಿಹಿ ಸಾಂಬಾರಿಗೆ ಮುರಿದಂತೆ. ಸೈಗಾನಿನ ಫೋ ಬಿನ್ಹ್ ಎಂಬ ಅಂಗಡಿಯಲ್ಲಿ ಕೆಳಗೆ ಅಮೆರಿಕದ ಸೈನಿಕರೂ ಸಾರು ಕುಡಿಯುತ್ತಿದ್ದರೆ, ಮಾಳಿಗೆಯಲ್ಲಿ 1968ರ ಟೆಟ್ ದಾಳಿಗೆ ಗುಪ್ತ ಸಿದ್ಧತೆ ನಡೆಯುತ್ತಿತ್ತು. ಬಿನ್ಹ್ ಎಂದರೆ ಶಾಂತಿ! ನಮ್ಮ ಹೋಟೆಲುಗಳ ಮಾಳಿಗೆಯಲ್ಲಿ ಹೆಚ್ಚೆಂದರೆ ಇಸ್ಪೀಟು ನಡೆದೀತು. 1975ರಲ್ಲಿ ಯುದ್ಧ ಮುಗಿದು ದೇಶ ಬಿಟ್ಟವರು ಫೋವನ್ನು ಅಮೆರಿಕ, ಫ್ರಾನ್ಸ್, ಆಸ್ಟ್ರೇಲಿಯಗಳಿಗೆ ಒಯ್ದರು. ಅಲ್ಲಿಯ ಕೆಲವು ಅಂಗಡಿಗಳ ಹೆಸರಿನಲ್ಲಿ ಒಂದು ಅಂಕೆಯನ್ನು ಕಾಣಬಹುದು. 75 ಎಂದಿದ್ದರೆ ಅದು ಬಾಗಿಲ ಸಂಖ್ಯೆಯಲ್ಲ, ಊರು ಕಳೆದುಹೋದ ವರ್ಷ.

ಈ ಕಥೆಯಲ್ಲಿ ನಮ್ಮ ಧನಿಗಳು ಕಿವಿಗೊಡಬೇಕಾದ ಅಧ್ಯಾಯ ಇನ್ನೊಂದುಂಟು. ಉತ್ತರದಲ್ಲಿ 1960ರ ದಶಕದಿಂದ 1980ರ ದಶಕದವರೆಗೆ ಎಲ್ಲವೂ ಸರಕಾರದ ಪಡಿತರಕ್ಕೆ ಒಳಪಟ್ಟಿದ್ದಾಗ, ಸರಕಾರಿ ಫೋ ಅಂಗಡಿಗಳಿದ್ದವು. ಸಾಲಿನಲ್ಲಿ ನಿಂತರೆ ತೆಳು ಸಾರು, ಶ್ಯಾವಿಗೆ ಸಿಗುತ್ತಿತ್ತು. ಮಾಂಸ ಮಾತ್ರ ಎಷ್ಟೋ ಸಲ ಇರುತ್ತಿರಲಿಲ್ಲ. ಆಗ ಅಮೆರಿಕದವರು ಚಾಲಕರಿಲ್ಲದ ವಿಮಾನಗಳನ್ನು ಬೇಹಿಗಾಗಿ ಕಳುಹಿಸುತ್ತಿದ್ದರು; ಜನ ಆ ಮಾಂಸವಿಲ್ಲದ ಸಾರಿಗೆ ‘ಚಾಲಕನಿಲ್ಲದ ಫೋ’ ಎಂದು ಹೆಸರಿಟ್ಟರು. ಕೊರತೆಗೆ ಯುದ್ಧ ಕಾರಣವೆಂಬುದು ನಿಜ. ಆದರೆ ಸಾರು ನೀರಾಗುವುದಕ್ಕೆ ಕೊರತೆಯೊಂದೇ ಸಾಲದು. ಹಂಡೆಯ ಮುಂದೆ ನಿಂತವನಿಗೆ, ಚೆನ್ನಾದರೂ ಅಷ್ಟೇ, ಕೆಟ್ಟರೂ ಅಷ್ಟೇ ಎಂದಾದಾಗ ನೊರೆ ತೆಗೆಯುವ ಕೈ ನಿಲ್ಲುತ್ತದೆ. 1986ರ ನಂತರ ಖಾಸಗಿ ವ್ಯಾಪಾರಕ್ಕೆ ದಾರಿ ತೆರೆದಾಗ ಫೋ ಅಂಗಡಿಗಳು ಬೀದಿಬೀದಿಯಲ್ಲಿ ಮತ್ತೆ ಎದ್ದವು. 2024ರಲ್ಲಿ ಅಲ್ಲಿಯ ಸರಕಾರ ಹಾನೋಯ್ ಮತ್ತು ನಾಮ್ ದಿನ್ಹ್ ಫೋಗಳನ್ನು ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು.

ಇನ್ನು ನಮ್ಮ ಮಾತು. ನಮ್ಮ ಹೋಟೆಲುಗಳು ಸರಕಾರದವಲ್ಲ, ಖಾಸಗಿಯವೇ. ಆದರೆ ಒಳಗೆ ಹಂಡೆಯ ಮುಂದೆ ನಿಂತವನ ಸ್ಥಿತಿ ಆ ಸರಕಾರಿ ಅಂಗಡಿಯವನಿಗಿಂತ ಭಿನ್ನವೆ? ತಿಂಗಳ ಸಂಬಳ, ಎರಡು ಊಟ, ಮಲಗಲು ಮಾಳಿಗೆ. ಸಾಂಬಾರು ಹೆಸರಾದರೆ ಫಲಕದ ಮೇಲಿನ ಹೆಸರು ಬೆಳಗುತ್ತದೆ; ಹಳಸಿದರೆ ಬೈಗುಳ ಮಾತ್ರ ಅವನದು. ಮೇಲಾಗಿ ನೂರೈವತ್ತು ತಿಂಡಿಗಳ ಪಟ್ಟಿಯನ್ನು ಅವನ ತಲೆಯ ಮೇಲಿಟ್ಟರೆ, ಅವನಿಗೆ ಯಾವೊಂದರಲ್ಲೂ ಕೈ ಪಳಗುವುದಿಲ್ಲ. ಬಾಟಲಿಯ ಸಾಸು, ಪೊಟ್ಟಣದ ಮಸಾಲೆ ಬರುವುದು ಆ ಬಾಗಿಲಿನಿಂದಲೇ. ಪೊಟ್ಟಣ ಬಂದ ಮೇಲೆ ಅವನಿಲ್ಲದಿದ್ದರೆ ಇನ್ನೊಬ್ಬ. ಸಂಬಳ ಏರದಿರುವುದಕ್ಕೆ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ.

ಒಂದೇ ತಿಂಡಿ ಮಾಡಿ ಮುಂಬಯಿಯ ಬಾಡಿಗೆ ಕಟ್ಟಲು ಸಾಧ್ಯವೇ ಎಂದು ಕೇಳುವರು. ಪಗಡಿಯ ಕಾಲದ ಬಾಡಿಗೆಯೂ ಇಂದಿನ ಬಾಡಿಗೆಯೂ ಒಂದಲ್ಲವೆಂದು ನಾನೂ ಬಲ್ಲೆ. ಕೊನೆಗೆ ನಾನು ಗಲ್ಲೆಯಿಂದ ಎದ್ದದ್ದೂ ಬಾಡಿಗೆಯ ಕಾರಣದಿಂದಲೇ. ಒಂದೇ ಮಾಡಿ ಎನ್ನುತ್ತಿಲ್ಲ. ಹದಿನೈದು ಇಪ್ಪತ್ತು ಸಾಕು, ಅವು ಚೆನ್ನಾಗಿರಲಿ. ಅವುಗಳ ಮಾರಾಟದಲ್ಲಿ ಅಡಿಗೆಯವನಿಗೆ ಸಂಬಳದ ಮೇಲೆ ನೂರಕ್ಕೆ ಇಷ್ಟೆಂದು ಬರೆದುಕೊಟ್ಟ ಪಾಲಿರಲಿ, ದೀಪಾವಳಿಯ ಬಕ್ಷೀಸಿನಂತೆ ಧನಿಯ ಮನಸ್ಸಿಗೆ ಬಂದಷ್ಟಲ್ಲ. ಹಾನೋಯಿಯ ಫೋ ಥಿನ್ ಅಂಗಡಿಗೆ ಇಟ್ಟಿರುವುದು ಅದನ್ನು ತೆರೆದವನ ಹೆಸರನ್ನೇ. ನಮ್ಮಲ್ಲಿಯೂ ಮಾಟುಂಗಾದ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು, 1942ರಿಂದ ಇಂದಿನವರೆಗೆ, ಜನ ರಾಮ ನಾಯಕರದೆಂದೇ ಕರೆಯುತ್ತಾರೆ.

ಪಾಲು ಕೊಟ್ಟು ಕೈಗೆ ನಾಲ್ಕು ಕಾಸು ಸೇರಿದರೆ ಅಡಿಗೆಯವನು ಬಿಟ್ಟುಹೋಗಿ ಎದುರಿಗೇ ಅಂಗಡಿ ತೆರೆಯುತ್ತಾನೆಂಬ ಭಯ ಇನ್ನೊಂದು. ತೆರೆಯಲಿ. ಈ ಊರಿನಲ್ಲಿ ನಮ್ಮವರ ಹೋಟೆಲುಗಳು ಇಷ್ಟೊಂದು ಆದದ್ದು ಒಬ್ಬನ ಅಡಿಗೆಮನೆಯಿಂದ ಹೊರಬಿದ್ದ ಇನ್ನೊಬ್ಬನಿಂದಲೇ. ನಮ್ಮ ಮಾಲೀಕರ ಸಂಘಗಳು ಮುಂದಿನ ಸಭೆಗಳಲ್ಲಿ ಲೈಸೆನ್ಸು, ತೆರಿಗೆಗಳ ಜೊತೆಗೆ ಈ ಪಾಲಿನ ವಿಷಯವನ್ನೂ ಚರ್ಚೆಗೆ ಇಡುವುದಾದರೆ, ಸಭೆಯಲ್ಲಿ ಭಟ್ಟರನ್ನು ಕೂಡ ಕುರ್ಚಿ ಹಾಕಿ ಕೂರಿಸಿಕೊಳ್ಳಲಿ.