ತಾರಸಿಗೆ ಸಿಕ್ಕ ಹೊಗೆಯುಂಗುರ

"ಬೆಂಗಳೂರಲ್ಲಿ ಕೂತು ಆಕಾಶದ ಫೋಟೋನಾ? ಚಂದ್ರ ಬಿಟ್ಟರೆ ಇನ್ನೇನು ಸಿಗುತ್ತೆ?" ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ: ಪ್ಲಾನೆಟರಿ ನೆಬ್ಯುಲಾ. ಹೆಸರಿನಲ್ಲಷ್ಟೇ ಗ್ರಹ. ಸೂರ್ಯನಂಥ ನಕ್ಷತ್ರ ಸಾಯುವಾಗ ಹೊರಚೆಲ್ಲಿದ ಅನಿಲದ ಚಿಪ್ಪು ಅದು. 1780ರ ದಶಕದಲ್ಲಿ ವಿಲಿಯಂ ಹರ್ಷೆಲ್‌ಗೆ ಗ್ರಹದ ಹಾಗೆ ಪುಟ್ಟ ಬಿಲ್ಲೆಯಾಗಿ ಕಂಡಿತು, ಹೆಸರು ಅಂಟಿಕೊಂಡಿತು.

ಗೆಲಾಕ್ಸಿಯ ಬೆಳಕು ಎಲ್ಲ ಬಣ್ಣಗಳಲ್ಲೂ ಹರಡಿರುತ್ತೆ, ಬೀದಿದೀಪದ್ದೂ ಹಾಗೇ. ಬೇರ್ಪಡಿಸೋದು ಹೇಗೆ? ನೆಬ್ಯುಲಾದ ಕಥೆ ಬೇರೆ. 1864ರಲ್ಲಿ ವಿಲಿಯಂ ಹಗ್ಗಿನ್ಸ್ ಕ್ಯಾಟ್ಸ್ ಐ ನೆಬ್ಯುಲಾದ ಬೆಳಕನ್ನು ಬಿಡಿಸಿ ನೋಡಿದರೆ ಕಾಮನಬಿಲ್ಲೇ ಇಲ್ಲ, ಕೆಲವೇ ಗೆರೆಗಳು! ಹಸಿರು ಗೆರೆಗಳು ಯಾವುದೋ ಹೊಸ ಧಾತುವಿನವು ಅಂತ 'ನೆಬ್ಯುಲಿಯಂ' ಎಂದು ಹೆಸರೂ ಇಟ್ಟಾಯ್ತು. ಅದು ಎರಡು ಎಲೆಕ್ಟ್ರಾನ್ ಕಳಕೊಂಡ ಆಮ್ಲಜನಕ ಅಂತ 1927ರಲ್ಲಿ ಐರಾ ಬೋವೆನ್ ತೋರಿಸಿಕೊಟ್ಟ. 500.7 ನ್ಯಾನೋಮೀಟರಿನ ಆ ಗೆರೆಯ ಆಸುಪಾಸು ಮಾತ್ರ ಒಳಬಿಡುವ ಫಿಲ್ಟರ್ ಹಾಕಿದರೆ ಊರಿನ ಬೆಳಕು ಬಹುತೇಕ ಸೋಸಿಹೋಗುತ್ತೆ, ಎಲ್‌ಇಡಿ ದೀಪಗಳದ್ದೂ ಸೇರಿ.

ದೀಪಕ್ಕಿಂತ ಕಾಡೋದು ಮಳೆಗಾಲ. ಅಭಿಜಿತ್ ನಕ್ಷತ್ರದ ಹತ್ತಿರವಿರುವ ರಿಂಗ್ ನೆಬ್ಯುಲಾ (ಎಂ57) ಸಂಜೆ ಮೇಲೇರುವ ಹೊತ್ತಿಗೆ ಸರಿಯಾಗಿ ಆಗಸ್ಟ್ ಮೋಡ. ಮೇ ತಿಂಗಳ ಬೆಳಗಿನ ಜಾವಕ್ಕೋ, ಅಕ್ಟೋಬರ್ ಕೊನೆಯ ಸಂಜೆಗೋ ಕಾಯಬೇಕು. ಆದರೆ ನಮಗೊಂದು ಲಾಭವೂ ಇದೆ. 2022ರ ಜುಲೈನಲ್ಲಿ ಜೇಮ್ಸ್ ವೆಬ್‌ನ ಮೊದಲ ಚಿತ್ರಗಳಲ್ಲಿ ಬಂತಲ್ಲ, ಎನ್‌ಜಿಸಿ 3132, ಅದು ಮಾರ್ಚ್‌ನಲ್ಲಿ ನಮ್ಮ ದಕ್ಷಿಣದ ಆಕಾಶದಲ್ಲಿ ಆರಾಮಾಗಿ ಸಿಗುತ್ತೆ. ಲಂಡನ್ನಿನವರಿಗೆ ಹುಟ್ಟೋದೇ ಇಲ್ಲ!

ಎಂ57ರ ಅಗಲ ಹುಣ್ಣಿಮೆ ಚಂದ್ರನ ಇಪ್ಪತ್ತರಲ್ಲೊಂದು ಭಾಗವೂ ಇಲ್ಲ. ಅರ್ಧರ್ಧ ನಿಮಿಷದ ನೂರಾರು ಚಿತ್ರ ತೆಗೆದು, ಡೀಪ್‌ಸ್ಕೈಸ್ಟ್ಯಾಕರ್‌ನಂಥ ಪುಕ್ಕಟೆ ತಂತ್ರಾಂಶದಲ್ಲಿ ಒಂದರ ಮೇಲೊಂದು ಪೇರಿಸಿದರೆ ಮಸುಕಾದ ಉಂಗುರ ಮೂಡುತ್ತೆ. ಅಲ್ಲಿಗೆ ನಿಲ್ಲಿಸಬೇಕು ಅನ್ನೋದು ನನ್ನ ವಾದ. ಈಗ ಕೆಲವರು ಅದನ್ನು ಎಐಗೆ ಕೊಟ್ಟು 'ಶಾರ್ಪ್' ಮಾಡಿಸ್ತಾರೆ. ಆರಿಂಚಿನ ದೂರದರ್ಶಕ, ಮೇಲೆ ನಡುಗುವ ಗಾಳಿ. ಎರಡು-ಮೂರು ಆರ್ಕ್‌ಸೆಕೆಂಡಿಗಿಂತ ಸಣ್ಣ ವಿವರ ಸಿಗೋದೇ ಕಷ್ಟ. ಹಾಗಿರುವಾಗ ಹಬಲ್ ಚಿತ್ರದ ಎಳೆಗಳೆಲ್ಲ ನಿಮ್ಮ ಫೋಟೋದಲ್ಲಿ ಎಲ್ಲಿಂದ ಬಂದವು ಸ್ವಾಮಿ?

ಬರೀ ಶೋಕಿಯಾಗಿದ್ದರೆ ಹೋಗಲಿ ಅನ್ನಬಹುದಿತ್ತು. ಆದರೆ 2008ರಲ್ಲಿ ಡೇವ್ ಜುರಾಸೆವಿಚ್ ಹಂಸ ಮಂಡಲದ ಫೋಟೋದಲ್ಲಿ ತೀರಾ ತೆಳುವಾದ ಒಂದು ದುಂಡನೆಯ ಗುಳ್ಳೆ ಕಂಡ. ಅದು ಅಲ್ಲಿಯವರೆಗೆ ಪಟ್ಟಿಯಲ್ಲೇ ಇಲ್ಲದ ಪ್ಲಾನೆಟರಿ ನೆಬ್ಯುಲಾ. ಈಗ ಅದನ್ನು ಸೋಪ್ ಬಬಲ್ ಅಂತಾರೆ. ಆ ಗುಳ್ಳೆ ತಂತ್ರಾಂಶ ಬಿಡಿಸಿದ್ದಲ್ಲ ಅಂತ ಗ್ಯಾರಂಟಿ ಇದ್ದಿದ್ದಕ್ಕೇ ತಾನೇ ಅದಕ್ಕೆ ಬೆಲೆ?

ಮಸುಕು ಉಂಗುರವನ್ನೇ ಹಾಕಿ. ಎಷ್ಟು ಹೊತ್ತಿನ ಚಿತ್ರ, ಯಾವ ಫಿಲ್ಟರ್ ಅಂತ ಕೆಳಗೆ ಬರೆಯಿರಿ. ನಾನಂತೂ ಖುಷಿಯಿಂದ ನೋಡ್ತೀನಿ :)